ಉಳುಕು ಬಾರದ ಕಾಲು

ನನ್ನ ಬಲಗಾಲಿನ ಹೊರಗಿಣ್ಣಿನ ಕೆಳಗೆ ಹುಣಸೆಬೀಜದಷ್ಟು ಒಂದು ಗಂಟು ಇದೆ. ಚರ್ಮದಡಿಯಲ್ಲಿ ಗಟ್ಟಿಯಾಗಿದೆ, ಒತ್ತಿದರೆ ಸರಿಯುವುದಿಲ್ಲ. ಸೀರೆಯ ಅಂಚು ಅದನ್ನು ಮುಚ್ಚುವುದರಿಂದ ಮನೆಯವರನ್ನು ಬಿಟ್ಟು ಹೊರಗಿನವರಿಗೆ ಗೊತ್ತಿಲ್ಲ. ಅದು ಮೂಳೆ ಕೂಡಿದ ಗುರುತು ಎಂದು ಒಬ್ಬ ಡಾಕ್ಟರು ಹೇಳಿದರು. ಮೂಳೆ ನೆಟ್ಟಗೆ ಕೂಡದೆ ಉಳಿದ ಗುರುತು ಎಂದು ಇನ್ನೊಬ್ಬರು ಹೇಳಿದರು. ನಾನು ಇಬ್ಬರ ಮಾತನ್ನೂ ಕೇಳಿಸಿಕೊಂಡೆ.

ಕೈಕಾಲು ಮುರಿದುಕೊಂಡವರು ಯಾವ ಊರಿನಲ್ಲಿಲ್ಲ, ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಅಪ್ಪ ಕೇಳಿದರು. ನೋವನ್ನು ಕುರಿತು ಬರೆಯಲು ನನಗೂ ಹೆಚ್ಚೇನಿಲ್ಲ. ನನ್ನನ್ನು ಸೋಲಿಸಿದ್ದು ನೋವಲ್ಲ, ತಿಳಿಯದಿರುವುದು. ಚರ್ಮದ ಒಳಗೆ ಏನಾಗಿದೆಯೆಂದು ಕಾಣುವುದಿಲ್ಲ. ಹೊರಗೆ ನಿಂತವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಲು ನಮ್ಮದಾದರೂ ಅದರ ವಿಷಯದಲ್ಲಿ ಎಲ್ಲರಿಗಿಂತ ಕಡಮೆ ತಿಳಿದವರು ನಾವೇ ಎನ್ನಿಸುತ್ತದೆ. ಹಾಗೆ ಕಾಲು ಚಾಚಿಕೊಂಡು ಸೂರು ನೋಡುತ್ತ ಮಲಗಿರುವವರು ಈಗಲೂ ಎಲ್ಲಾದರೂ ಇರುತ್ತಾರೆ. ಇದು ಅವರಿಗಾಗಿ.

ನಾನು ಬಿದ್ದದ್ದು ಚಿಕ್ಕಜಾಜೂರಿನಲ್ಲಿ. ಮೈಸೂರಿನಲ್ಲಿ ನನ್ನ ಬಿ.ಎ. ಪರೀಕ್ಷೆ ಮುಗಿದು ಫಲಿತಾಂಶವೂ ಬಂದಿತ್ತು. ಕರೆದುಕೊಂಡು ಹೋಗಲು ಅಪ್ಪ ಬಂದಿದ್ದರು. ನಮ್ಮದು ಹೊಳಲ್ಕೆರೆಯಲ್ಲಿ ಹತ್ತಿ ಮತ್ತು ಕೊಬ್ಬರಿಯ ವ್ಯಾಪಾರ. ಊರಿಗೆ ಹೋಗಲು ಚಿಕ್ಕಜಾಜೂರಿನಲ್ಲಿ ಇಳಿದು ದುರ್ಗದ ಕಡೆಯ ರೈಲು ಹತ್ತಬೇಕು. ದುರ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ಉಪಾಧ್ಯಾಯಿನಿಯ ಕೆಲಸ ಗೊತ್ತಾಗಿತ್ತು. ದಸರೆಯ ರಜೆ ಮುಗಿದ ಮೇಲೆ ಸೇರಬೇಕು, ಸೋದರತ್ತೆಯ ಮನೆಯಲ್ಲಿ ಇರಬೇಕು ಎಂದು ತೀರ್ಮಾನವಾಗಿತ್ತು. ಅಪ್ಪನನ್ನು ಒಪ್ಪಿಸಲು ಒಂದು ವರ್ಷ ಹಿಡಿದಿತ್ತು. ಆ ದಿನ ರೈಲಿನಲ್ಲಿ ಅವರು ಎದುರಿಗೆ ಕುಳಿತವರಿಗೆಲ್ಲ ತಾವಾಗಿಯೇ ಆ ಸುದ್ದಿ ಹೇಳುತ್ತ ಬಂದಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಸಂತೋಷ ಮುಖದಲ್ಲಿ ಕಾಣುವುದು ನನಗೆ ಸಂಕೋಚ.

ಡಬ್ಬಿಯಿಂದ ಇಳಿಯುವಾಗ ನೆಲ ನಾನು ತಿಳಿದುಕೊಂಡಿದ್ದಕ್ಕಿಂತ ಕೆಳಗಿತ್ತು. ಬಲಗಾಲು ಜಲ್ಲಿಯ ಮೇಲೆ ಬಿದ್ದು ಒಳಮುಖವಾಗಿ ಮಡಚಿಕೊಂಡಿತು. ನಾನು ಅದರ ಮೇಲೆಯೇ ಕುಳಿತೆ. ಸದ್ದು ಬಂತೇ ಎಂದು ಆಮೇಲೆ ಎಲ್ಲರೂ ಕೇಳಿದರು. ಬಂತು ಎಂದು ಕೆಲವರಿಗೆ ಹೇಳಿದ್ದೇನೆ, ಇಲ್ಲ ಎಂದು ಕೆಲವರಿಗೆ ಹೇಳಿದ್ದೇನೆ. ಎಂಜಿನ್ನು ಪಕ್ಕದಲ್ಲೇ ಹಬೆ ಬಿಡುತ್ತಿತ್ತು.

"ಏನಾತು ಗಿರಿಜಿ?" ಎಂದು ಅಪ್ಪ ಓಡಿ ಬಂದರು.

"ಏನಿಲ್ಲ," ಎಂದೆ.

ಅಪ್ಪನ ತೋಳು ಹಿಡಿದು ಇನ್ನೊಂದು ರೈಲಿನ ತನಕ ನಡೆದೆ. ಡಬ್ಬಿಯಲ್ಲಿದ್ದವರು ಜಾಗ ಬಿಟ್ಟುಕೊಟ್ಟರು. ಜೊತೆಗೆ ತೀರ್ಪನ್ನೂ ಕೊಟ್ಟರು.

"ಉಳುಕೈತೆ, ಇನ್ನೇನಿಲ್ಲ," ಎಂದರು ರುಮಾಲು ಸುತ್ತಿದ್ದ ಒಬ್ಬ ಯಜಮಾನರು. "ಮುರ್ದಿದ್ರೆ ಅಮ್ಮಾರು ಹಿಂಗೆ ಕುಂತ್ಕಂತಿದ್ರಾ? ರೈಲೇ ಹಾರಿಹೋಗಂಗೆ ಕೂಗ್ತಿದ್ರು."

"ಎಲ್ರೂ ನಿಮ್ಮನೆಯೋರ ಹಂಗೆ ಕೂಗಲ್ಲ ಬಿಡ್ರಿ," ಎಂದು ಪಕ್ಕದವರು ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಕೂಗದೆ ಇದ್ದದ್ದೇ ನನಗೆ ಮುಂದೆ ತೊಡಕಾಯಿತು. ನೋವು ಎಷ್ಟಿದೆ ಎಂದು ಕೇಳಿದವರಿಗೆಲ್ಲ ನಾನು "ಇದೆ" ಎಂದಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳುವುದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಕಾಲು ಕುಂಬಳಕಾಯಿಯಂತೆ ಊದಿತ್ತು. ಅಪ್ಪ ಉಳುಕು ಎಂದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಕಾಲನ್ನು ಮುಟ್ಟಿಯೂ ನೋಡಲಿಲ್ಲ.

"ಉಳುಕಾ? ಯಾರಿಗೆ, ಇವಳಿಗಾ? ನಿನಗೆ ಬುದ್ಧಿ ಐತೇನೋ? ಕಾಲ್ಮುಂದಾಗಿ ಹುಟ್ಟಿದ ಕೂಸಿಗೆ ಉಳುಕು ಹೆಂಗೆ ಬರ್ತೈತೆ? ಊರೋರ ಉಳುಕೆಲ್ಲ ಇವಳ ಕಾಲು ಕಂಡ್ರೆ ಓಡ್ತೈತೆ. ಇವಳ ಕಾಲಿಗೇ ಬಂದು ಕುಂತ್ಕಂತದಾ? ಇದು ಮೂಳೆನೇ ಮುರ್ದೈತೆ. ಬಿದಿರು ದಬ್ಬೆ ಇಟ್ಟು ಕಟ್ಟಿಸು."

ಇದನ್ನು ಸ್ವಲ್ಪ ವಿವರಿಸಬೇಕು. ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂದವಂತೆ, ಅದರಲ್ಲೂ ಎಡಗಾಲು. ಹಾಗೆ ಹುಟ್ಟಿದವರ ಕಾಲು ತಾಕಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ, ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಜನರಲ್ಲೂ ಇದೆ. ನಾನು ನಡೆಯಲು ಕಲಿತ ಮೇಲೆ ಭಾನುವಾರ ಬಂದರೆ ನಮ್ಮ ಅಂಗಳದಲ್ಲಿ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಅವರು ಮಾತಾಡದೆ ಬರಬೇಕು, ನಾನು ಎಡಗಾಲಿನಿಂದ ಮೂರು ಸಲ ಅವರ ಸೊಂಟಕ್ಕೆ ತಾಕಿಸಬೇಕು, ಅವರು ತಿರುಗಿ ನೋಡದೆ ಹೋಗಬೇಕು. ದೊಡ್ಡವರನ್ನು ಕಾಲಿನಿಂದ ಮುಟ್ಟುವುದು ನನಗೆ ಎಂದೂ ಒಗ್ಗಲಿಲ್ಲ. ಕಾಲೇಜಿನಲ್ಲಿ ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಆದರೆ ರಜೆಗೆ ಬಂದಾಗ ಅಜ್ಜಿ ಕರೆದರೆ ಎದ್ದು ಹೋಗುತ್ತಿದ್ದೆ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಬಗ್ಗಿಕೊಂಡು ಬಂದವರು ನೆಟ್ಟಗೆ ಎದ್ದು ಹೋದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಈ ಎರಡನ್ನೂ ಒಟ್ಟಿಗೆ ಎಲ್ಲಿಡಬೇಕೋ ಇವತ್ತಿಗೂ ತಿಳಿದಿಲ್ಲ.

ಹಾಗೆ ಯಾರಾದರೂ ಬಂದಾಗ ಅಮ್ಮ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು. ಅಜ್ಜಿ ಬಂದವರಿಗೆಲ್ಲ ಆ ಕಥೆಯನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

ಅಜ್ಜಿಯ ತರ್ಕ ಕೇಳಿ ಅಪ್ಪ, "ಅವ್ವಾ, ನೀನು ಸುಮ್ಕಿರು. ಡಾಕ್ಟ್ರು ನೋಡ್ಲಿ," ಎಂದರು. ನನಗೂ ಅದೇ ಸರಿ ಎನ್ನಿಸಿತು.

ಸೈನ್ಯದಲ್ಲಿ ಇದ್ದು ಪಿಂಚಣಿ ಪಡೆದ ಒಬ್ಬ ಡಾಕ್ಟರು ಆಗ ನಮ್ಮ ಊರಿನಲ್ಲಿ ಮನೆ ಮಾಡಿಕೊಂಡಿದ್ದರು. ಒಳ್ಳೆಯ ಮನುಷ್ಯರು. ಮನೆಗೇ ಬಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಊತದ ಮೇಲೆ ಒತ್ತಿದರು.

"ಬೆರಳು ಆಡಿಸಿ, ನೋಡೋಣ."

ಆಡಿಸಿದೆ.

"ನೋಡಿ, ಆಡುತ್ತೆ. ಮುರಿದ ಕಾಲಿನ ಬೆರಳು ಹೀಗೆ ಆಡುತ್ತೇನ್ರಿ? ನೋವು ಬಹಳ ಇದೆಯೇ?"

"ಇದೆ. ತಡೆದುಕೊಳ್ಳಬಹುದು."

"ಅಷ್ಟೇ. ಉಳುಕು."

ಅಪ್ಪ ಅಜ್ಜಿಯ ವಾದವನ್ನು ಅವರಿಗೆ ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು, ನಗಲಿಲ್ಲ. ಹೋಗುವಾಗ ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು: "ಒಂದು ವಾರ ತಣ್ಣೀರು ಬಟ್ಟೆ ಕಟ್ಟಿ. ಆಮೇಲೆ ನಡೀರಿ. ನೋಯುತ್ತೆ. ನೋವಾದರೂ ನಡೀಬೇಕು. ಮಲಗಿಬಿಟ್ಟರೆ ಕೀಲು ಹಿಡಿದುಕೊಳ್ಳುತ್ತೆ."

ನಡೆದೆ. ಊತದ ಬಣ್ಣ ಬದನೆಕಾಯಿಯಂತಾಗಿ, ಆಮೇಲೆ ಹಳದಿಗೆ ತಿರುಗಿ ಬೆರಳುಗಳ ತನಕ ಇಳಿಯಿತು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಅಜ್ಜಿ ನನ್ನ ಹಿಂದೆಯೇ ಬರುತ್ತಿದ್ದಳು.

"ಕೂತ್ಕಳೇ ತಾಯಿ. ಮುರಿದ ಕಾಲನ್ನ ಅರೆದು ಹಿಟ್ಟು ಮಾಡ್ತಾ ಇದ್ದೀಯ."

"ಡಾಕ್ಟರು ಹೇಳಿದಾರೆ ಅಜ್ಜಿ."

"ಡಾಕ್ಟ್ರು ಹುಟ್ಟಿದ್ದು ತಲೆ ಮುಂದಾಗಿ. ಅವ್ರಿಗೇನು ಗೊತ್ತು?"

ನನ್ನ ಮಟ್ಟಿಗೆ ಇದು ಕಾಲಿನ ಪ್ರಶ್ನೆ ಮಾತ್ರ ಆಗಿರಲಿಲ್ಲ. ಇಷ್ಟು ಓದಿ, ಇಂಥ ವಾದಕ್ಕೆ ತಲೆಬಾಗಿ ಮಲಗಿಬಿಟ್ಟರೆ ಓದಿದ್ದು ಯಾತಕ್ಕೆ ಎಂದು ಹಟ. ಜೊತೆಗೆ ಭಯ. ನೋವು ದಿನ ಕಳೆದಂತೆ ಕಡಮೆಯಾಗಬೇಕಿತ್ತು, ಹೆಚ್ಚುತ್ತಿತ್ತು. ಆದರೆ ನೋಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಲ್ಲ. ಹಾಗಾದರೆ ಇದು ಅವರು ಹೇಳಿದ ನೋವೇ ಇರಬೇಕು. ನಾನು ಬೇಗ ಸೋಲುವ ಜಾತಿಯವಳು ಎಂದು ನನ್ನನ್ನೇ ಬೈದುಕೊಂಡು ಇನ್ನಷ್ಟು ನಡೆದೆ.

ಒಂದು ಬೆಳಿಗ್ಗೆ ನೀರುಮನೆಯ ಹೊಸಿಲು ದಾಟುವಾಗ ಕಾಲು ನನ್ನದೇ ಅಲ್ಲವೆಂಬಂತೆ ಹೊರಕ್ಕೆ ಮಗುಚಿತು. ಆಗ ಕೂಗಿದೆ. ಮನೆಯವರೆಲ್ಲ ಓಡಿ ಬಂದು, ಕೂಗಿದ್ದು ನಾನೇ ಎಂದು ತಿಳಿದು ಒಂದು ಗಳಿಗೆ ಹಾಗೇ ನಿಂತರು. ನನ್ನ ಕೂಗನ್ನು ಅವರು ಕೇಳಿದ್ದು ಅದೇ ಮೊದಲು.

ದುರ್ಗದ ಆಸ್ಪತ್ರೆಗೆ ಅಪ್ಪ ಮತ್ತು ಅಜ್ಜಿ ಕರೆದುಕೊಂಡು ಹೋದರು. ಹೊರಗಿನ ಪಡಸಾಲೆಯಲ್ಲಿ ಹೆಂಗಸರಿಗೆ ಒಂದು ಉದ್ದನೆಯ ಬೆಂಚು. ನನ್ನ ಪಕ್ಕದಲ್ಲಿ ಮದಕರಿಪುರದ ಒಬ್ಬ ಹೆಂಗಸು ಹಳೆಯ ಸೀರೆಯ ತುಂಡಿನಲ್ಲಿ ಕೈ ತೂಗುಹಾಕಿಕೊಂಡು ಕುಳಿತಿದ್ದಳು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವಾಗ ಏಣಿಯಿಂದ ಬಿದ್ದಳಂತೆ.

"ನಿಮಗೇನಾಗೈತವ್ವ?" ಎಂದಳು.

"ಮುರ್ದೈತೆ," ಎಂದಳು ಅಜ್ಜಿ. ಅದೇ ಗಳಿಗೆಗೆ ಅಪ್ಪ ಆಚೆಯಿಂದ "ಉಳುಕು," ಎಂದರು.

ಅವಳು ನಕ್ಕುಬಿಟ್ಟಳು. "ಕಾಲು ಒಂದು, ಕಾಯಿಲೆ ಎರಡಾ? ನಂದು ನೋಡ್ರಿ, ಕೇಳಂಗೇ ಇಲ್ಲ. ಕೈ ಹೋಗಿ ಸೌಟಾಗೈತೆ." ಬಟ್ಟೆ ಸರಿಸಿ ತೋರಿಸಿದಳು. ಮಣಿಕಟ್ಟು ನಿಜವಾಗಿಯೂ ಸೌಟಿನ ಹಿಡಿಯಂತೆ ಬಾಗಿತ್ತು. "ನಿಮ್ದು ಹೊರಗೇ ಬರಲ್ಲ. ಓದಿದೋರ ಮೂಳೆನೂ ಗುಟ್ಟು ಬಿಡಲ್ಲ, ಏನವ್ವ?"

ನಾನು ಓದಿದವಳು ಎಂದು ಅವಳಿಗೆ ಹೇಗೆ ತಿಳಿಯಿತೋ. ಅಪ್ಪ ಅಲ್ಲಿಯೂ ಯಾರಿಗಾದರೂ ಹೇಳಿರಬೇಕು. ಅವಳ ಸೌಟಿನ ಕೈಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಯಾರೂ ನಂಬಲಾರರು. ಅಷ್ಟು ಸ್ಪಷ್ಟವಾಗಿ ಮುರಿದಿದ್ದರೆ ಎಷ್ಟು ನೆಮ್ಮದಿ. ಸ್ವಲ್ಪ ಹೊತ್ತಿನ ಮೇಲೆ ಅವಳು ತನ್ನ ಕಂಬಳಿಯನ್ನು ಒಂದೇ ಕೈಯಲ್ಲಿ ಮಡಿಸಿ, ನಾನು ಬೇಡವೆನ್ನುವ ಮೊದಲೇ ನನ್ನ ಹಿಮ್ಮಡಿಯ ಕೆಳಗೆ ತುರುಕಿದಳು. ಬಿದ್ದ ದಿನದಿಂದ ಆ ಕಾಲಿಗೆ ಸಿಕ್ಕಿದ ಮೊದಲ ಸುಖ ಅದು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಬೆಳಗಿನಿಂದ ನಿಂತೇ ಇದ್ದ ದಣಿವು ಮುಖದಲ್ಲಿತ್ತು. ಅವರು ಊತವನ್ನು ಬಿಟ್ಟು ಮೂಳೆಯ ಉದ್ದಕ್ಕೆ ಒಂದೇ ಬೆರಳಿನಿಂದ ಒತ್ತುತ್ತ ಕೆಳಗೆ ಬಂದರು. ಒಂದು ಜಾಗದಲ್ಲಿ ನಾನು ಬೆಂಚಿನ ಅಂಚನ್ನು ಹಿಡಿದೆ.

"ಇಲ್ಲೇನಮ್ಮ?"

"ಇಲ್ಲೇ."

"ಮುರಿದಿರಬೇಕು. ಇರಬೇಕು ಅಂತ ಹೇಳ್ತೀನಿ, ಇದೆ ಅಂತ ಹೇಳಲ್ಲ. ಒಳಗಿನ ಚಿತ್ರ ತೆಗೆಯೋ ಯಂತ್ರ ಬೆಂಗಳೂರಿನಲ್ಲಿದೆ. ಹೋಗಿ ಬರೋ ಅಷ್ಟರಲ್ಲಿ ಇದು ಹೀಗೇ ಸೊಟ್ಟಗೆ ಕೂಡಿಬಿಡಬಹುದು. ಪ್ರಜ್ಞೆ ತಪ್ಪಿಸಿ ನೆಟ್ಟಗೆ ಮಾಡಿ ಕಟ್ಟು ಹಾಕೋಣ."

"ಉಳುಕು ಅಂದಿದ್ರಲ್ಲ," ಎಂದರು ಅಪ್ಪ.

"ಊದಿದಾಗ ನೋಡಿದ್ದರೆ ನಾನೂ ಹಾಗೇ ಅಂತಿದ್ದೆನೋ ಏನೋ."

ಅಜ್ಜಿ ಮುಂದೆ ಬಂದಳು. ನಾನು ಕಣ್ಣು ಮುಚ್ಚಿಕೊಂಡೆ.

"ಡಾಕ್ಟ್ರೇ, ಇವಳು ಕಾಲ್ಮುಂದಾಗಿ ಹುಟ್ಟಿದೋಳು. ಅಂಥೋರಿಗೆ ಉಳುಕು ಬರಲ್ಲ, ಅಲ್ಲೇನ್ರಿ?"

ಡಾಕ್ಟರು ಒಂದು ಕ್ಷಣ ನನ್ನ ಕಾಲನ್ನು ನೋಡಿದರು. ಆಮೇಲೆ ಅಜ್ಜಿಯನ್ನು ನೋಡಿ, "ಬಂದಿಲ್ಲವಲ್ಲಮ್ಮ," ಎಂದರು. "ಮುರಿದಿದೆ."

ಅಜ್ಜಿ ಅಪ್ಪನ ಕಡೆ ತಿರುಗಿದ ರೀತಿಯನ್ನು ಬರೆಯುವ ಶಕ್ತಿ ನನಗಿಲ್ಲ.

ಕ್ಲೋರೋಫಾರಂ ಬಟ್ಟೆ ಮುಖದ ಮೇಲೆ ಬಂದಾಗ ಅತಿಯಾಗಿ ಹಣ್ಣಾದ ಯಾವುದೋ ಹಣ್ಣಿನ ವಾಸನೆ. ಎಣಿಸಲು ಹೇಳಿದರು. ನಾನು ಕನ್ನಡದಲ್ಲಿ ಎಣಿಸಲೋ ಇಂಗ್ಲಿಷಿನಲ್ಲೋ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಹೋಗಿಬಿಟ್ಟೆ. ಎಚ್ಚರವಾದಾಗ ಮೊಣಕಾಲಿನ ತನಕ ಬಿಳಿಯ ಕಟ್ಟು. ಮೊದಲು ಬೆಚ್ಚಗಿತ್ತು, ಆಮೇಲೆ ತಣ್ಣಗೆ ಕಲ್ಲಾಯಿತು. "ಮನೆ ಗೋಡೆಗೆ ಬಳ್ದಂಗೆ ಗಾರೆ ಬಳ್ದವ್ರೆ ಕಣೇ," ಎಂದು ಅಜ್ಜಿ ಬೆರಳಿನ ಗಿಣ್ಣಿನಿಂದ ತಟ್ಟಿ ನೋಡಿದಳು. ಮುಂದೆ ಕುಂಟು ಉಳಿಯುತ್ತದೆಯೇ ಎಂದು ಅಪ್ಪ ಕೇಳಿದರು. ಈಗಲೇ ಹೇಳಲಾರೆ ಎಂದರು ಡಾಕ್ಟರು.

ಆ ಕಟ್ಟಿನೊಂದಿಗೆ ಮಳೆಗಾಲ ಕಳೆಯಿತು. ಒಳಗೆ ತುರಿಸಿದರೆ ಏನೂ ಮಾಡಲಾಗದೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಮ್ಮ ಹೊಸ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ತೊಳೆದು, ತುದಿಯನ್ನು ಕಲ್ಲಿನ ಮೇಲೆ ಉಜ್ಜಿ ನುಣ್ಣಗೆ ಮಾಡಿ, ದಿಂಬಿನ ಕೆಳಗೆ ಇಟ್ಟುಹೋದಳು. ಅಂಥವೇ ನನಗೆ ನೆನಪಿರುವುದು.

ಸೊಂಟ ಹಿಡಿದುಕೊಂಡವರು ಆಗಲೂ ಬರುತ್ತಿದ್ದರು. ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು.

"ಕಾಲು ಕಟ್ಟಿಸ್ಕಂಡು ಮಲಗವಳೆ. ಕಣ್ಣು ಕಾಣಲ್ಲೇನ್ರಿ?"

"ಕಟ್ಟಿರೋದು ಬಲಗಾಲಿಗಲ್ಲೇನವ್ವ? ನಮಗೆ ಬೇಕಾಗಿರೋದು ಎಡಗಾಲು."

"ಎಡಗಾಲು ಒಂದನ್ನೇ ಕೊಟ್ಟು ಕಳಿಸ್ಲಾ, ಮನೆಗೆ ತಗಂಡೋಗ್ತೀರಾ?"

ಒಳಗೆ ಮಲಗಿ ನಗುತ್ತಿದ್ದೆ. ನಗು ಮುಗಿದ ಮೇಲೆ ಹೆದರಿಕೆ ಅಲ್ಲಿಯೇ ಇರುತ್ತಿತ್ತು. ಗಾರೆಯ ಒಳಗೆ ಮೂಳೆ ಕೂಡುತ್ತಿದೆಯೋ ಕೊಳೆಯುತ್ತಿದೆಯೋ ನನಗೆ ಗೊತ್ತಿರಲಿಲ್ಲ. ದಸರೆ ಹತ್ತಿರ ಬರುತ್ತಿತ್ತು. ಅಪ್ಪ ಊಟಕ್ಕೆ ಕುಳಿತಾಗ ನನ್ನ ಮುಖ ನೋಡುವುದನ್ನು ಬಿಟ್ಟು ಕಾಲನ್ನೇ ನೋಡುತ್ತಿದ್ದರು. ಶಾಲೆಯವರು ರಜೆ ಮುಗಿಯುವ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ತಿಳಿಸಿದ್ದರು.

ಕಟ್ಟು ಬಿಚ್ಚಿಸಲು ಮತ್ತೆ ದುರ್ಗಕ್ಕೆ ಹೋದೆವು. ಕತ್ತರಿ ಹಾಕಿ ಬಿಡಿಸಿದ ಮೇಲೆ ಹೊರಗೆ ಬಂದ ಕಾಲು ನನಗೆ ಅಪರಿಚಿತವಾಗಿತ್ತು. ಸಣ್ಣಗೆ, ಬಿಳಿಚಿಕೊಂಡು, ಸಿಪ್ಪೆ ಏಳುತ್ತ ಇತ್ತು. ಡಾಕ್ಟರು ಅದನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಇನ್ನು ನಡೀರಿ. ನೋಯುತ್ತೆ. ನೋವಾದರೂ ನಡೀಬೇಕು."

ಅದೇ ಮಾತು. ಒಂದಕ್ಷರ ಹೆಚ್ಚುಕಡಮೆಯಿಲ್ಲದೆ ಅದೇ ಮಾತು.

"ಹೋದ ಸಲವೂ ಹೀಗೇ ಹೇಳಿದ್ದರು," ಎಂದೆ. "ಆಗ ಆ ನೋವು ಮುರಿದದ್ದರಿಂದ ಬಂದದ್ದು. ಈಗ ಬರುವುದು ವಾಸಿಯಾಗುವ ನೋವು ಎಂದು ಹೇಗೆ ತಿಳಿಯಬೇಕು?"

ಅವರು ಯೋಚಿಸಿದರು. ಸುಳ್ಳು ಹೇಳುವವರಲ್ಲ. "ನಿಮಗೇ ಗೊತ್ತಾಗುತ್ತಮ್ಮ," ಎಂದರು.

ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಮಂಚದ ಅಂಚಿನಲ್ಲಿ ಕುಳಿತು ಕಾಲನ್ನು ನೆಲಕ್ಕೆ ತಾಕಿಸಿದರೆ ಗಿಣ್ಣಿನಿಂದ ಮೇಲಕ್ಕೆ ಒಂದು ಎಳೆತ. ಅದು ಆ ಹಳೆಯ ನೋವಿನಂತೆಯೂ ಇತ್ತು, ಅಲ್ಲದಂತೆಯೂ ಇತ್ತು. ಕಾಲನ್ನು ಎತ್ತಿಕೊಂಡುಬಿಡುತ್ತಿದ್ದೆ. ಬಗಲಿಗೆ ಕೋಲು ಕೊಟ್ಟುಕೊಂಡು, ಬಲಗಾಲು ನೆಲ ಸೋಕದಂತೆ ಮನೆಯೊಳಗೆ ಓಡಾಡಿದೆ.

ಇಷ್ಟರಲ್ಲಿ ಮನೆಯವರು ಪಕ್ಷ ಬದಲಿಸಿದ್ದರು. ತನ್ನ ಮಾತನ್ನು ಒಪ್ಪಿದ ಡಾಕ್ಟರ ಮೇಲೆ ಅಜ್ಜಿಗೆ ಅಪಾರ ಭರವಸೆ. "ಅವ್ರು ನಡಿ ಅಂದ್ಮೇಲೆ ನಡಿ," ಎನ್ನುತ್ತಿದ್ದಳು. ಅಪ್ಪ ಮಾತ್ರ ಹೆದರಿಹೋಗಿದ್ದರು. "ಹೋದ ಸಲ ನಡಿ ಅಂತ ನಡೆಸಿದೋನು ನಾನೇ. ಈ ಸಲ ನನ್ನ ಬಾಯಲ್ಲಿ ಆ ಮಾತು ಬರಲ್ಲ. ಆದ್ರೆ ಕಾಲು ಊರದೋಳನ್ನ ಊರು ಬಿಟ್ಟು ಹೆಂಗೆ ಕಳಿಸ್ಲಿ, ಗಿರಿಜಿ? ಶಾಲೇಲಿ ನಿನ್ನನ್ನ ಎತ್ತಿ ಕೂರಿಸೋರು ಯಾರು?" ಅವರು ಸಿಟ್ಟಿನಿಂದ ಹೇಳಿದ್ದರೆ ವಾದಿಸುತ್ತಿದ್ದೆ. ಅವರ ಕಣ್ಣು ತುಂಬಿತ್ತು.

ರಜೆ ಮುಗಿಯುವ ಹಿಂದಿನ ಭಾನುವಾರ ಸಂಜೆ ಚಿತ್ತಯ್ಯ ಬಂದ. ಅವನು ಯಲ್ಲದಕೆರೆ ಕಡೆಯ ಕುರಿಗಾರ. ಪ್ರತಿ ವರ್ಷ ನಮ್ಮ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಡುತ್ತಿದ್ದ. ನಾನು ಚಿಕ್ಕವಳಿದ್ದಾಗ ಎರಡು ಮೂರು ಸಲ ಅವನ ಸೊಂಟ ಬಿಡಿಸಿದ್ದೆನಂತೆ. ಆ ದಿನ ಟಗರು ಎತ್ತಲು ಹೋಗಿ ಹಿಡಿದುಕೊಂಡಿತ್ತು. ದೊಣ್ಣೆ ಊರಿಕೊಂಡು, ಬಿಲ್ಲಿನಂತೆ ಬಾಗಿ ಅಂಗಳದ ತನಕ ಬಂದವನು ಯಾರನ್ನೂ ಕೇಳದೆ ಬೋರಲು ಮಲಗಿಬಿಟ್ಟ.

"ಇವತ್ತು ಆಗಲ್ಲ ಕಣಪ್ಪ," ಎಂದಳು ಅಜ್ಜಿ. "ಅವಳೇ ಕೋಲು ಹಿಡ್ದವಳೆ."

"ಮೂರು ಸರ್ತಿ ತಾಕಿಸಿದ್ರೆ ಸಾಕು ದೊಡ್ಡವ್ವ. ನಂಗೂ ಈಗ ಏಳಾಕೆ ಆಗಲ್ಲ. ಹೊಲದಾಗೆ ಕುರಿ ಕಾಯೋರಿಲ್ಲ."

"ಬಾಯ್ಮುಚ್ಚು. ಮಾತಾಡಿದ್ರೆ ಕಾಲು ಹತ್ತಲ್ಲ."

"ಮುಚ್ಚಿದೆ ಕಣವ್ವ."

"ಮುಚ್ಚಿದೆ ಅಂತನೂ ಅನ್ನಬೇಡ!"

ಅಮ್ಮ ಎಂದಿನಂತೆ ಒಳಗೆ ಹೋದಳು. ನಾನು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದೆ. ಅವನು ಉಸಿರಾಡಿದಾಗಲೆಲ್ಲ ಮೂಗಿನ ಮುಂದಿನ ಮಣ್ಣು ಹಾರುತ್ತಿತ್ತು. ಎದ್ದೇಳಲಾಗದೆ ಮಲಗಿರುವುದು ಏನೆಂದು ನನಗೆ ಆ ವರ್ಷ ತಿಳಿದಿತ್ತು. ಕೋಲು ಹಿಡಿದು ಕೆಳಗಿಳಿದೆ.

ಅವನ ಪಕ್ಕದಲ್ಲಿ ನಿಂತ ಮೇಲೆಯೇ ನನಗೆ ಹೊಳೆದದ್ದು. ಎಡಗಾಲು ಎತ್ತಬೇಕಾದರೆ ಬಲಗಾಲಿನ ಮೇಲೆ ನಿಲ್ಲಬೇಕು. ತಾಕಿಸುವಾಗ ಏನನ್ನೂ ಹಿಡಿದಿರಬಾರದು, ಯಾರೂ ಮುಟ್ಟಿರಬಾರದು. ಇದು ಅಜ್ಜಿಯ ಕಟ್ಟಳೆ. ಅಜ್ಜಿ ಆಗಲೇ ನನ್ನ ಕೈಯಿಂದ ಕೋಲು ತೆಗೆದುಕೊಂಡಿದ್ದಳು.

ಎಡಗಾಲು ಎತ್ತಿದೆ. ಮೈಯೆಲ್ಲ ಒಮ್ಮೆಗೇ ಆ ತೆಳ್ಳಗಿನ, ಸಿಪ್ಪೆ ಎದ್ದ ಕಾಲಿನ ಮೇಲೆ ಇಳಿಯಿತು. ಗಿಣ್ಣು ನಡುಗಿತು. ನೋವು ಬಂತು, ಬಹಳ ಬಂತು. ಇದು ಯಾವುದು ಎಂದು ನೋಡುತ್ತಲೇ ಒಂದು ಸಲ ತಾಕಿಸಿದೆ. ಮಗುಚುವುದನ್ನು ಕಾಯುತ್ತ ಎರಡನೆಯ ಸಲ ತಾಕಿಸಿದೆ. ಮಗುಚಲಿಲ್ಲ. ಮೂರನೆಯ ಸಲ ಕಾಲಿಟ್ಟು, ತೆಗೆದು, ಎರಡೂ ಕಾಲಿನ ಮೇಲೆ ನಿಂತೆ. ಅಪ್ಪ ಹಜಾರದ ಬಾಗಿಲಲ್ಲಿ ಬಂದು ನಿಂತಿದ್ದರು.

"ಏಳಪ್ಪ," ಎಂದಳು ಅಜ್ಜಿ.

ಚಿತ್ತಯ್ಯ ಅಂಗೈ ಊರಿದ. ಅರ್ಧಕ್ಕೆ ಎದ್ದ. "ಅಯ್ಯಪ್ಪೋ," ಎಂದು ಮತ್ತೆ ಹಾಗೇ ಬಿದ್ದ.

"ಇನ್ನೊಂದು ಸರ್ತಿ ನೋಡು."

ನೋಡಿದ. ಆಗಲಿಲ್ಲ. ಕೆನ್ನೆ ಮಣ್ಣಿಗಿಟ್ಟು ನನ್ನ ಕಡೆ ಕಣ್ಣು ತಿರುಗಿಸಿದ. ಬೇಸರವಾಗದಂತೆ ಹೇಳಲು ಒದ್ದಾಡುತ್ತಿದ್ದ.

"ಏನೂ ಆಗಿಲ್ಲ ಕಣ್ ತಾಯಿ. ಹಂಗೇ ಹಿಡ್ಕಂಡೈತೆ. ಕಾಲು ಮುರ್ದಾಗ ಅದೂ ಹೊಂಟೋಗಿರ್ಬೇಕು."

"ನೀನು ಮಾತಾಡಿದೆ, ಅದ್ಕೇ," ಎಂದಳು ಅಜ್ಜಿ. ಆದರೆ ಅವಳ ದನಿಯಲ್ಲಿ ಬಲವಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡಳು. ಇಪ್ಪತ್ತು ವರ್ಷ ಅವಳು ಊರಿಗೆಲ್ಲ ಹಂಚಿದ್ದ ಏನೋ ಒಂದು ಕಣ್ಣೆದುರಿಗೇ ಮುಗಿದುಹೋಗಿತ್ತು.

ನನಗೆ ಸಂತೋಷವಾಗಬೇಕಿತ್ತು. ಇನ್ನು ಯಾರ ಬೆನ್ನನ್ನೂ ಕಾಲಿನಿಂದ ಮುಟ್ಟಬೇಕಾಗಿಲ್ಲ. ಎಂದೂ ನಂಬದಿದ್ದದ್ದು ಹೋದರೆ ಹೋದದ್ದೇನು? ಆದರೂ ಸಂತೋಷವಾಗಲಿಲ್ಲ. ಅದು ಇತ್ತೇ, ಇದ್ದು ಹೋಯಿತೇ, ಅಥವಾ ಟಗರಿನ ಭಾರ ಈ ಸಲ ಹೆಚ್ಚಾಗಿತ್ತೇ ಎಂದು ಯೋಚಿಸುತ್ತ ಹಾಗೇ ನಿಂತಿದ್ದೆ.

"ಗಿರಿಜಿ," ಎಂದರು ಅಪ್ಪ ಮೆಲ್ಲಗೆ. "ನಿಂತಿದ್ದೀಯಲ್ಲೇ."

ಕೆಳಗೆ ನೋಡಿದೆ. ಕೋಲು ಅಜ್ಜಿಯ ಮಡಿಲಲ್ಲಿತ್ತು.

ಅಮ್ಮ ಒಳಗಿನಿಂದ ಬಿಸಿನೀರಿನ ತಂಬಿಗೆ ಮತ್ತು ಶಾಖ ಕೊಡಲು ಬಟ್ಟೆ ತಂದಳು. ಚಿತ್ತಯ್ಯನ ಪಕ್ಕದಲ್ಲಿ ಕುಳಿತು ಬಟ್ಟೆ ಹಿಂಡುತ್ತ, ನನ್ನನ್ನು ನೋಡದೆ ಹೇಳಿದಳು: "ಒಳ್ಳೇದಾತು ಬಿಡು. ಇನ್ನು ನಿನ್ನ ಕಾಲು ನಿನಗಾತು."

ಮರುದಿನ ಬೆಳಿಗ್ಗೆ ಚಿತ್ತಯ್ಯನನ್ನು ದುರ್ಗದ ಆಸ್ಪತ್ರೆಗೆ ಕರೆದೊಯ್ಯಲು ಅಪ್ಪ ಸ್ಟೇಷನ್ನಿಗೆ ಗಾಡಿ ಕಟ್ಟಿಸಿದರು. ನಾನು ನನ್ನ ಪೆಟ್ಟಿಗೆಯನ್ನೂ ಅದರಲ್ಲಿ ಇಡಿಸಿದೆ. ಅಪ್ಪ ನೋಡಿದರು, ಬೇಡ ಎನ್ನಲಿಲ್ಲ. ಚಿತ್ತಯ್ಯ ಗಾಡಿಯ ಉದ್ದಕ್ಕೂ ಮಲಗಿದ್ದ, ಪೆಟ್ಟಿಗೆ ಅವನ ಕಾಲ ಬಳಿ ಇತ್ತು, ಇನ್ನೊಬ್ಬರು ಕೂರಲು ಜಾಗವಿರಲಿಲ್ಲ. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟಳು, ಕೋಲನ್ನು ಮುಂದೆ ಚಾಚಿದಳು. ತೆಗೆದುಕೊಂಡೆ. ಗಾಡಿ ಹೊರಟಿತು. "ಮೆಲ್ಲಗೆ ಹೊಡಿಯಪ್ಪ, ತಾಯಿ ನಡ್ಕಂಡು ಬರ್ತಾವ್ರೆ," ಎಂದು ಚಿತ್ತಯ್ಯ ಮಲಗಿದಲ್ಲಿಂದಲೇ ಗಾಡಿಯವನಿಗೆ ಹೇಳಿದ. ಕಾಲು ನೋಯುತ್ತಿತ್ತು, ಅದು ಯಾವ ನೋವೆಂದು ನನಗೆ ಆಗಲೂ ಗೊತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ, ಗಾಡಿಯ ಹಿಂದೆ, ಸ್ಟೇಷನ್ನಿನ ತನಕ ನಡೆದೆ.